ಪುಕ್ಕಟೆ ಸವಾರಿ

ಹುರುಳಿ ಬೇಯುವ ವಾಸನೆ ನಮ್ಮ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ. ಸೊಸೆ ಹುರುಳಿಕಟ್ಟಿನ ಸಾರು ಮಾಡಲೆಂದು ಒಲೆಯ ಮೇಲೆ ಪಾತ್ರೆ ಇಟ್ಟಳೆಂದರೆ ಮೊಮ್ಮಕ್ಕಳು ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಾರೆ. ನಾನು ಮಾತ್ರ ಏನಾದರೊಂದು ನೆಪ ಹುಡುಕಿಕೊಂಡು ಅಡುಗೆಮನೆ ಸೇರುತ್ತೇನೆ. ಮೊನ್ನೆಯೂ ಹಾಗೇ ಆಯಿತು. ಪಾತ್ರೆಯ ಮುಚ್ಚಳ ತೆಗೆದು ಉಗಿಗೆ ಮುಖ ಒಡ್ಡಿ ನಿಂತಿದ್ದೆ. ಸೊಸೆ ನನ್ನನ್ನು ಒಂದು ಥರಾ ನೋಡಿದಳು. ಕಾಳು ತೊಳೆದಿದ್ದಾಳೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಬಂದಿದ್ದೇನೆ ಅಂದುಕೊಂಡಿರಬೇಕು. ಅವಳ ಅನುಮಾನದಲ್ಲಿ ತಪ್ಪಿಲ್ಲ, ನನ್ನ ಸ್ವಭಾವವೇ ಅಂಥದ್ದು. ಹಾಲಿನವನು ಹಾಲು ಅಳೆಯುವಾಗ ಇವತ್ತಿಗೂ ಪಕ್ಕದಲ್ಲೇ ನಿಲ್ಲುತ್ತೇನೆ. ಆದರೆ ಮೊನ್ನೆ ನಾನು ನೋಡುತ್ತಿದ್ದುದು ಸಾರನ್ನಲ್ಲ. ಬೆಂದ ಹುರುಳಿಯ ವಾಸನೆಯ ಹಿಂದೆ ಕುದುರೆಯ ಬೆವರಿನ ವಾಸನೆ ಬರುತ್ತದೆ ನನಗೆ, ಅದರ ಹಿಂದೆ ಗೋಣಿತಾಟಿನ ವಾಸನೆ... ಅದರ ಹಿಂದೆ ಅವಳು.

ನಾನು ಹುಡುಗಿಯಾಗಿದ್ದಾಗ ನಮ್ಮದು ಬಳ್ಳಾರಿ ಜಿಲ್ಲೆ, ಮದರಾಸಿನ ಸರ್ಕಾರ. ರಾಯದುರ್ಗದಿಂದ ಗುಮ್ಮಗಟ್ಟದ ಕಡೆ ಹೋಗುವ ದಾರಿಯಲ್ಲಿ, ಹೊರಳಿ ನೋಡಿದರೆ ಕೋಟೆಬೆಟ್ಟ ಕಾಣುವಷ್ಟು ದೂರದಲ್ಲಿ ನಮ್ಮ ಹಳ್ಳಿ. ಊರ ಕೊನೆಯ ಮನೆ ಅವಳದು. ಮನೆಯ ಮುಂದೆ ಯಾವಾಗಲೂ ಎರಡು ತಟ್ಟು ಕಟ್ಟಿರುತ್ತಿದ್ದವು. ತಟ್ಟು ಎಂದರೆ ಗಿಡ್ಡ ಜಾತಿಯ ಕುದುರೆ, ಮಕ್ಕಳು ಹತ್ತಿ ಇಳಿಯುವಷ್ಟು ಎತ್ತರದ್ದು. ಹಾಗಾಗಿ ಊರಿಗೆಲ್ಲ ಅವಳು ತಟ್ಟಿನ ದೊಡ್ಡವ್ವ.

ಅವಳ ಗಂಡ ಇದ್ದ ಕಾಲದಲ್ಲಿ ತಾಲ್ಲೂಕಿಗೆ ಹೊಸದಾಗಿ ಬಂದ ರೆವಿನ್ಯೂ ಇನ್ಸ್‌ಪೆಕ್ಟರುಗಳು ಅವನ ಹತ್ತಿರವೇ ಸವಾರಿ ಕಲಿಯುತ್ತಿದ್ದರಂತೆ. ಹಳ್ಳಿ ಹಳ್ಳಿ ತಿರುಗುವ ನೌಕರಿ, ಕುದುರೆ ಹತ್ತಲು ಬಾರದಿದ್ದರೆ ನಡೆಯುತ್ತಿರಲಿಲ್ಲ. ಕಂದಾಯಕ್ಕೆ ಬಂದು ನಮ್ಮವರನ್ನು ಗದರಿಸುವ ಆ ದೊಡ್ಡ ಮನುಷ್ಯರು ಮೊದಮೊದಲು ಮರಳಿನಲ್ಲಿ ಹೇಗೆ ಬೋರಲು ಬೀಳುತ್ತಿದ್ದರು ಎಂಬುದನ್ನು ಊರಿನ ಹಿರಿಯರು ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಅವಳು ಕಸುಬು ಬಿಡಲಿಲ್ಲ. ಅಷ್ಟರಲ್ಲಿ ಅಧಿಕಾರಿಗಳಿಗೆ ಬಸ್ಸು, ಸೈಕಲ್ಲು ಬಂದಿದ್ದವು. ಆದರೂ ತಮ್ಮ ಮಕ್ಕಳಿಗೆ ಕುದುರೆ ಸವಾರಿ ಬರಬೇಕೆಂಬ ಶೋಕಿ ಹೋಗಿರಲಿಲ್ಲ. ಅವಳು ದಿನಾ ಬೆಳಿಗ್ಗೆ ತಟ್ಟು ಹಿಡಿದುಕೊಂಡು ರಾಯದುರ್ಗಕ್ಕೆ ಹೋಗಿ, ಮುಸಾಫರಿ ಬಂಗಲೆಯ ಮುಂದಿನ ಬಯಲಿನಲ್ಲಿ ಆ ಮಕ್ಕಳಿಗೆ ಕಲಿಸಿ ಸಂಜೆಗೆ ವಾಪಸು ಬರುತ್ತಿದ್ದಳು.

ಅವಳ ತವರು ಮಡಕಶಿರದ ಆಚೆ, ಗುಡಿಬಂಡೆಯ ಕಡೆ. ನಾವು ‘ಐತಿ’ ಅಂದರೆ ಅವಳು ‘ಐತೆ’ ಅನ್ನುತ್ತಿದ್ದಳು. ನಮ್ಮೂರಿಗೆ ಅಷ್ಟು ಸಾಕಾಗಿತ್ತು. ನಮ್ಮಲ್ಲೇ ಬಾಳುವೆ ಮಾಡಿ ತಲೆ ನೆರೆಸಿಕೊಂಡರೂ ಅವಳು ಆ ಕಡೆಯವಳಾಗಿಯೇ ಉಳಿದಳು. ಅವಳ ನಡವಳಿಕೆಯೂ ಹಾಗೇ ಇತ್ತೆನ್ನಿ. ಯಾರನ್ನೂ ನಂಬುತ್ತಿರಲಿಲ್ಲ. ತಟ್ಟಿಗೆ ಬೇಯಿಸಿ ಹಾಕಲು ಹುರುಳಿ ಕೊಳ್ಳುವಾಗ ಅಂಗೈಗೆ ಸುರಿದುಕೊಂಡು ಮೂಸುತ್ತಿದ್ದಳು, ಕಾಳನ್ನು ಬೆರಳಿನಲ್ಲಿ ಉರುಳಿಸಿ ಉರುಳಿಸಿ ನೋಡುತ್ತಿದ್ದಳು. ಬಾಗಿಲಿಗೆ ಬಂದವರು ಹೆಸರು ಹೇಳುವ ತನಕ ಒಳಗೆ ಬಾ ಎನ್ನುತ್ತಿರಲಿಲ್ಲ. ದಾರಿಯಲ್ಲಿ ಎದುರಾದರೆ ತಾನಾಗಿ ಮಾತಾಡಿಸುತ್ತಿರಲಿಲ್ಲ. ಭಾರಿ ಸೊಕ್ಕಿನ ಹೆಂಗಸು ಎಂದು ನೀರಿಗೆ ಬಂದವರು ಮಾತಾಡಿಕೊಳ್ಳುತ್ತಿದ್ದರು. ನನಗೂ ಹಾಗೇ ಅನಿಸಿತ್ತು.

ನಮ್ಮ ಮನೆಯಲ್ಲಿ ಅಪ್ಪ, ಅಜ್ಜಿ, ನಾನು, ಇಷ್ಟೇ ಜನ. ಅವ್ವ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಊರಿನ ಶಾಲೆಯಲ್ಲಿ ಐದನೇ ಕ್ಲಾಸಿಗೆ ಓದು ಮುಗಿಯಿತು. ಮುಂದೆ ಓದಬೇಕಾದರೆ ರಾಯದುರ್ಗಕ್ಕೆ ಹೋಗಬೇಕು. ಹುಡುಗಿ ಒಬ್ಬಳೇ ಅಷ್ಟು ದೂರ ನಡೆಯುವುದು ಆಗದ ಮಾತು, ಎತ್ತಿನ ಗಾಡಿ ಹೊಲಕ್ಕೆ ಬೇಕು. ಅಜ್ಜಿ ಆಗಲೇ ನನಗೊಂದು ಗಂಡು ನೋಡಲು ಅವರಿವರ ಹತ್ತಿರ ಹೇಳಿಟ್ಟಿದ್ದಳು. ನಾನು ಊಟ ಬಿಟ್ಟು ಮೂಲೆ ಸೇರಿದೆ. ಓದಬೇಕೆಂಬುದು ಯಾವ ದೊಡ್ಡ ಆಸೆಯಿಂದ ಹುಟ್ಟಿತೋ ಈಗ ಹೇಳಲಾರೆ... ಆ ವಯಸ್ಸಿಗೆ ಬೇಕು ಅಂದರೆ ಬೇಕು, ಅಷ್ಟೇ.

ಆಗ ಒಂದು ಬೆಳಿಗ್ಗೆ ಅವಳೇ ನಮ್ಮ ಕಟ್ಟೆಯ ಹತ್ತಿರ ಬಂದು ನಿಂತಳು. “ನಿಮ್ ಹುಡುಗೀನ ತಟ್ಟಿನ ಮ್ಯಾಲೆ ಕೂರಿಸ್ಕೊಂಡು ಹೋಗ್ತೀನಿ. ಸಂಜಿಕೆ ಕರ್ಕೊಂಡು ಬತ್ತೀನಿ. ನಂಗೇನೂ ಕೊಡಬ್ಯಾಡಿ” ಎಂದಳು.

ಏನೂ ಕೊಡಬೇಡಿ ಅಂದದ್ದೇ ತಪ್ಪಾಯಿತು. ಒಂದು ಚೀಲ ಹುರುಳಿ ಕೊಡಿ ಅಂದಿದ್ದರೆ ಅಪ್ಪ ಚೌಕಾಸಿ ಮಾಡಿ ಒಪ್ಪುತ್ತಿದ್ದ. ಪುಕ್ಕಟೆ ಅಂದಕೂಡಲೇ ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಅವಳು ಅತ್ತ ಹೋದದ್ದೇ ತಡ, ಅಜ್ಜಿ ಅಪ್ಪನ ಪಕ್ಕಕ್ಕೆ ಬಂದು ಕೂತಳು.

“ಇದರಾಗ ಏನೋ ಐತಿ ನೋಡಪಾ. ಹುರುಳಿ ಕಾಳು ಮೂಸಿ ತಗಳ್ಳಾಕಿ ಪುಕ್ಕಟೆ ಏನಾರ ಕೊಡ್ತಾಳೇನು?”

ಅಪ್ಪನಿಗೂ ಅದೇ ಅನುಮಾನ. ಆದರೆ ನನ್ನ ಮುಖ ನೋಡಿದ. ಮೊದಲು ತಟ್ಟನ್ನು ನೋಡಿ ಬರೋಣ ಎಂದ.

ತಟ್ಟು ನೋಡುವುದೆಂದರೆ ನಮ್ಮ ಕಡೆ ಸುಳಿ ನೋಡುವುದು. ಎತ್ತಾಗಲಿ ಕುದುರೆಯಾಗಲಿ, ಮೈಯ ಕೂದಲು ತಿರುಗಿ ಸುತ್ತಿಕೊಂಡ ಜಾಗವೇ ಸುಳಿ. ಅದು ಇಂಥ ಕಡೆ ಇದ್ದರೆ ಮನೆ ಉದ್ಧಾರ, ಇಂಥ ಕಡೆ ಇದ್ದರೆ ಯಜಮಾನನಿಗೆ ಕೇಡು. ಕಣ್ಣಿನ ಕೆಳಗೆ ಇದ್ದರಂತೂ ಮುಗಿಯಿತು, ಕಟ್ಟಿಕೊಂಡವರು ಕಣ್ಣೀರು ಹಾಕಬೇಕು. ಅಜ್ಜಿ ಈ ವಿದ್ಯೆಯಲ್ಲಿ ಊರಿಗೇ ಹೆಸರಾದವಳು. ಬೆಲ್ಲದ ಬಣ್ಣದ ಆ ತಟ್ಟನ್ನು ಹಣೆಯಿಂದ ಬಾಲದ ಬುಡದ ತನಕ ಶೋಧಿಸಿದಳು. ಕುತ್ತಿಗೆ ಕೂದಲು ಎತ್ತಿ ನೋಡಿದಳು, ಹೊಟ್ಟೆಯ ಕೆಳಗೆ ಬಗ್ಗಿ ನೋಡಿದಳು. ಕೆಟ್ಟ ಸುಳಿ ಒಂದೂ ಸಿಗಲಿಲ್ಲ. ಅದರಿಂದ ಅವಳ ಅನುಮಾನ ಇನ್ನೂ ಜಾಸ್ತಿಯಾಯಿತು.

ಅಷ್ಟು ಹೊತ್ತೂ ದೊಡ್ಡವ್ವ ತಟ್ಟಿನ ಹಗ್ಗ ಹಿಡಿದುಕೊಂಡಿದ್ದಳು. ಆಮೇಲೆ, “ಹುಡುಗಿ ಎಲ್ಲವಳೆ? ಇತ್ತಾಗೆ ಕಳಿಸ್ರಿ” ಎಂದಳು. ನಾನು ಹತ್ತಿರ ಹೋದೆ. ಎರಡೂ ಕೈಯನ್ನು ನನ್ನ ತಲೆಯ ಮೇಲಿಟ್ಟಳು. ಬೆರಳು ಕೂದಲೊಳಗೆ ಹೋದವು, ನೆತ್ತಿಯ ಮೇಲೆ ಸ್ವಲ್ಪ ಹೊತ್ತು ನಿಂತವು, ಆಮೇಲೆ ಭುಜಕ್ಕೆ ಇಳಿದವು, ಕೊನೆಗೆ ಕಾಲಿನ ಹಿಮ್ಮಡಿಗೆ. ಗಟ್ಟಿ ಬೆರಳುಗಳು.

ಅಜ್ಜಿ ರೇಗಿದಳು. “ಏನವಾ ಅದು? ನನ್ನ ಮೊಮ್ಮಗಳೇನು ಸಂತ್ಯಾಗಿನ ಕರಾನಾ, ಸುಳಿ ನೋಡಾಕ ಹತ್ತೀಯಲ್ಲ?”

“ನಮ್ ತಟ್ಟಿಂದು ನೀವು ನೋಡುದ್ರಲ್ಲಮ್ಮ” ಎಂದಳು ದೊಡ್ಡವ್ವ ನಿಧಾನವಾಗಿ. “ಹೊರೋದು ಅದು. ಹೊರೆ ಎಂತಾದ್ದು ಅಂತ ಅದರ ಪರವಾಗಿ ನಾನು ನೋಡಬಾರದಾ?”

ಅಪ್ಪ ಜೋರಾಗಿ ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ. ಅವಳು ನಗದಿರುವುದಕ್ಕೆ ಕಾರಣ ಇತ್ತು, ಅದು ನನಗೂ ಅವಳಿಗೂ ಮಾತ್ರ ಗೊತ್ತಿತ್ತು. ನನ್ನ ನೆತ್ತಿಯ ಮೇಲೆ ಎರಡು ಸುಳಿ ಇವೆ. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂದು ಜನ ನಂಬುತ್ತಿದ್ದ ಕಾಲ. ಗಂಡಿಗಾದರೆ ಅದು ತಮಾಷೆಯ ಮಾತು. ಹೆಣ್ಣಿಗೆ ಎರಡು ಮದುವೆ ಅಂದರೆ ಮೊದಲ ಗಂಡ ಬದುಕುವುದಿಲ್ಲ ಎಂದೇ ಅರ್ಥ. ಈ ಸುದ್ದಿ ಹೊರಗೆ ಬಿದ್ದರೆ ನನ್ನನ್ನು ಯಾರೂ ಮಾಡಿಕೊಳ್ಳುವುದಿಲ್ಲವೆಂದು ಅಜ್ಜಿ ನನಗೆ ಯಾವಾಗಲೂ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕುತ್ತಿದ್ದಳು. ಬೇರೆಯವರಿಗೆ ನನ್ನ ತಲೆ ಬಾಚಲು ಬಿಡುತ್ತಿರಲಿಲ್ಲ. ಈಗ ಆ ಕಡೆಯ ಹೆಂಗಸಿನ ಬೆರಳು ನೇರವಾಗಿ ಅಲ್ಲಿಗೇ ಹೋಗಿ ನಿಂತಿದ್ದವು. ನಮ್ಮ ಗುಟ್ಟು ಅವಳ ಕೈಗೆ ಸಿಕ್ಕಿತು ಎಂದು ಅಜ್ಜಿ ಅಂದೇ ತೀರ್ಮಾನ ಮಾಡಿಕೊಂಡಳು.

ಅಪ್ಪ ತನ್ನ ತೀರ್ಪು ಹೇಳಿದ. “ತಟ್ಟು ಬರೋ ತನಕ ಸಾಲಿ. ತಟ್ಟು ನಿಂತ ದಿನ ಸಾಲೀನೂ ನಿಂತಂಗ.” ಅಜ್ಜಿಯ ಸಮಾಧಾನಕ್ಕೆ ಹೇಳಿದ ಮಾತು ಅದು. ನನಗೆ ಮಾತ್ರ ಅದು ಕುತ್ತಿಗೆಗೆ ಹಗ್ಗ ಕಟ್ಟಿದ ಹಾಗಾಯಿತು. ಆ ತಟ್ಟಿಗೆ ಕೆಮ್ಮು ಬಂದರೂ ನನಗೆ ಎದೆ ನಡುಗುತ್ತಿತ್ತು.

ಅವಳು ಸವಾರಿ ಕಲಿಸುತ್ತಿದ್ದ ರೀತಿಯೇ ಬೇರೆ. ಮೊದಲ ಕೆಲವು ದಿನ ಹತ್ತಲು ಬಿಡಲೇ ಇಲ್ಲ, ತಟ್ಟಿನ ಎಡಭುಜದ ಪಕ್ಕದಲ್ಲಿ ನಡೆಯಬೇಕು ಅಷ್ಟೇ. ಮುಟ್ಟುವ ಮುಂಚೆ ಮಾತಾಡಿಸಬೇಕು. “ಮಾತಾಡ್ದೆ ಮುಟ್ಟಿದ್ರೆ ನಿಂಗೆ ಬೆಚ್ಚಲ್ವಾ? ಅದಕ್ಕೂ ಹಂಗೇ” ಎನ್ನುತ್ತಿದ್ದಳು. ಆಮೇಲೆ ಜೀನು ಇಲ್ಲದೆ ಬರೀ ಗೋಣಿತಾಟಿನ ಮೇಲೆ ಕೂರಿಸಿದಳು. ಕಾಲಿಡಲು ರಿಕಾಪು ಇಲ್ಲ, ಕೈಗೆ ಲಗಾಮೂ ಇಲ್ಲ. ಮೊದಲು ಕೂರುವುದು ಬರಲಿ, ಹಿಡಿಯುವುದು ಆಮೇಲೆ. ಮೈ ಸಡಿಲ ಬಿಟ್ಟು, ಸೊಂಟ ತಟ್ಟಿನ ಜೊತೆ ಹೋಗಲು ಬಿಡಬೇಕು. ಎರಡು ಸಲ ಜಾಲಿಯ ಬೇಲಿಗೆ ಬಿದ್ದು ಮೈ ಪರಚಿಕೊಂಡೆ. ಅವಳು ಎಬ್ಬಿಸಲಿಲ್ಲ, ಪೆಟ್ಟಾಯಿತೇ ಎಂದು ಮಾತ್ರ ಕೇಳಿದಳು. ಮಳೆಗಾಲ ಕಳೆಯುವ ಹೊತ್ತಿಗೆ ನಾನು ನಡೆಯುತ್ತಿರುವ ತಟ್ಟಿನಿಂದ ಸದ್ದಿಲ್ಲದೆ ಜಾರಿ ಇಳಿದು ಮತ್ತೆ ಹತ್ತುವಷ್ಟು ಕಲಿತಿದ್ದೆ. ಬಂಗಲೆಯ ಬಯಲಿನಲ್ಲಿ ಬೂಟು ಹಾಕಿಕೊಂಡು ಕಲಿಯುತ್ತಿದ್ದ ಅಧಿಕಾರಿಗಳ ಮಕ್ಕಳನ್ನು ನೋಡಿ ನನಗೆ ಒಳಗೊಳಗೇ ಜಂಬ.

ಆದರೆ ಅವಳಿಗೊಂದು ಚಾಳಿ ಇತ್ತು. ದಾರಿಯುದ್ದಕ್ಕೂ ಕೇಳುತ್ತಿದ್ದಳು. ಎದುರಿಗೆ ಬರುತ್ತಿರುವವರು ಯಾರು? ಕೈಯಲ್ಲಿ ಏನಿದೆ? ಚಪ್ಪಲಿ ಹಾಕಿದ್ದಾನಾ? ಆ ಬಂಡೆಯ ಹತ್ತಿರ ಯಾರಾದರೂ ಕೂತಿದ್ದಾರಾ? ಬಾಯಿ ಮುಚ್ಚಿ ಕೂರುವ ಹಾಗಿಲ್ಲ, ಕಂಡದ್ದೆಲ್ಲ ಹೇಳುತ್ತಿರಬೇಕು. ಬಂಗಲೆಯ ಬಯಲಿನಲ್ಲೂ ಅಷ್ಟೇ. ಶಾಲೆ ಬಿಟ್ಟು ಅಲ್ಲಿಗೆ ಹೋದರೆ ಅವಳ ಪಕ್ಕದಲ್ಲಿ ನಿಂತು, ಯಾವ ಮಗು ಹಿಮ್ಮಡಿ ಎತ್ತಿದೆ, ಯಾವುದು ಮುಂದಕ್ಕೆ ಬಾಗಿದೆ ಎಂದು ಮೆಲ್ಲಗೆ ಹೇಳಬೇಕು. ನಾನು ಹೇಳಿದ ಮರುಕ್ಷಣ ಅವಳು ಆ ಮಗುವನ್ನು ಗದರುತ್ತಿದ್ದಳು. ನನಗೆ ಪಾಠ ಮನದಟ್ಟಾಗಲಿ ಎಂದು ಹಾಗೆ ಮಾಡುತ್ತಾಳೆ ಅಂದುಕೊಂಡಿದ್ದೆ.

ದಾರಿಯ ಪ್ರಶ್ನೆಗಳ ವಿಷಯವನ್ನು ಒಂದು ದಿನ ಮನೆಯಲ್ಲಿ ಬಾಯಿಬಿಟ್ಟೆ. ಅಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಗ ಅಪ್ಪ ಖಾದಿ ಉಡಲು ಶುರು ಮಾಡಿದ್ದ ಕಾಲ. ಕಾಂಗ್ರೆಸ್ಸಿನವರು ರಾಯದುರ್ಗದಿಂದ ನಡೆದು ನಮ್ಮ ಮನೆಗೆ ಬಂದು ಹೋಗುತ್ತಿದ್ದರು. ಯಾರು ಬರುತ್ತಾರೆ, ಕೈಯಲ್ಲೇನಿದೆ ಎಂದು ಕೇಳುವ ಹೆಂಗಸು, ಅದೂ ದಿನಾ ಅಧಿಕಾರಿಗಳ ಮನೆಯ ಮಕ್ಕಳ ಜೊತೆ ಓಡಾಡುವವಳು!

“ಆಕಿ ಪೊಲೀಸರಿಗೆ ಸುದ್ದಿ ಮುಟ್ಟಸಾಕಿ ಇರಬೇಕು” ಎಂದ ಅಪ್ಪ.

“ನಾ ಅವತ್ತೇ ಹೇಳಲಿಲ್ಲೇನು?” ಎಂದಳು ಅಜ್ಜಿ.

ಅವತ್ತು ನನ್ನ ಓದು ಒಂದು ಎಳೆಯ ಮೇಲೆ ತೂಗಾಡಿತು. ದೊಡ್ಡವ್ವ ಆಡುವುದೆಲ್ಲ ಸವಾರಿ ಕಲಿಸುವ ಉಪಾಯ, ಸುತ್ತಲೂ ನೋಡುವುದು ಕಲಿಯದಿದ್ದರೆ ತಟ್ಟು ಬೆಚ್ಚುತ್ತದಂತೆ ಎಂದು ಬಾಯಿಗೆ ಬಂದದ್ದು ಹೇಳಿ ಪಾರಾದೆ. ಅಪ್ಪ ಅರೆಮನಸ್ಸಿನಿಂದ ಸುಮ್ಮನಾದ. ಆದರೆ ಅನುಮಾನದ ಬೀಜ ನನ್ನಲ್ಲೂ ಬಿತ್ತು. ಮಾರನೆಯ ದಿನದಿಂದ ನಾನೂ ಅವಳನ್ನು ಗಮನಿಸತೊಡಗಿದೆ. ಹೌದಲ್ಲ, ಇವಳು ಇಷ್ಟೆಲ್ಲ ಯಾಕೆ ಕೇಳುತ್ತಾಳೆ? ಪುಕ್ಕಟೆ ಯಾಕೆ ಕರೆದುಕೊಂಡು ಹೋಗುತ್ತಾಳೆ? ನಾನು ಹೇಳಿದ್ದನ್ನೆಲ್ಲ ಯಾರಿಗೆ ಮುಟ್ಟಿಸುತ್ತಾಳೆ?

ಆಮೇಲೆ ಆ ಬಾರಿಹಣ್ಣಿನ ದಿನ... ಹಳ್ಳ ದಾಟಿದ ಮೇಲೆ ದಾರಿಯ ಬದಿಯಲ್ಲಿ ಬಾರಿಗಿಡಗಳ, ಎಂದರೆ ಎಲಚಿಗಿಡಗಳ ಸಾಲು. ಬೆಳಗಿನ ಬಿಸಿಲು ಚೆನ್ನಾಗಿ ಏರಿತ್ತು. ದೊಡ್ಡವ್ವ ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದಳು, ನಾನು ಮೇಲೆ. ನನ್ನ ಹೊಸ ವಿದ್ಯೆ ತೋರಿಸಬೇಕೆನಿಸಿತು. ನಡೆಯುತ್ತಿದ್ದ ಹಾಗೇ ಸದ್ದಿಲ್ಲದೆ ಜಾರಿ ಇಳಿದೆ, ಗಿಡಕ್ಕೆ ಹೋಗಿ ಒಂದು ಹಿಡಿ ಹಣ್ಣು ಕಿತ್ತೆ, ಓಡಿ ಬಂದು ಅವಳ ಮುಂದೆಯೇ ದಾರಿಯ ಪಕ್ಕದಲ್ಲಿ ನಿಂತೆ. ಬೈಯುತ್ತಾಳೋ, ಶಹಬ್ಬಾಸ್ ಅನ್ನುತ್ತಾಳೋ ಎಂದು ಹಲ್ಲು ಕಿರಿಯುತ್ತಿದ್ದೆ.

ಅವಳು ನನ್ನನ್ನು ದಾಟಿಕೊಂಡು ಹೋದಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ಹಿಂದಕ್ಕೆ ತಿರುಗಿ, ಖಾಲಿ ತಟ್ಟಿನ ಕಡೆ ಮುಖ ಎತ್ತಿ ಕೇಳಿದಳು. “ಎದುರಿಗೆ ಗಾಡಿ ಸದ್ದು ಬತ್ತಾ ಐತಲ್ಲ ಮಗ, ಯಾರ್ದು?”

ನಾನು ಕಿರಿದ ಹಲ್ಲು ಕಿರಿದ ಹಾಗೇ ಉಳಿದವು.

“ಯಾರ್ದು ಮಗ? ನಿದ್ದೆ ಮಾಡ್ತಾ ಇದ್ದೀಯಾ?”

ಹಿಂದೆ ಓಡಿ ಹೋಗಿ ತಟ್ಟು ಹತ್ತಿದೆ. “ಶೇಂಗಾ ಹೇರಿದ ಗಾಡಿ, ದೊಡ್ಡವ್ವ” ಎಂದೆ. ಗಾಡಿ ದಾಟಿ ಹೋಗುವ ತನಕ ಅವಳು ಹಗ್ಗ ಬಿಗಿಹಿಡಿದು ನಿಂತಿದ್ದಳು. ಆಮೇಲೆ ಕೇಳಿದಳು, “ಯಾವಾಗ ಇಳಿದಿದ್ದೆ?”

“ಈಗ.”

“ಗೊತ್ತಾಯ್ತಾ?”

ನಾನು ಹೂಂ ಅಂದೆ.

“ಬೆಳಕು ಗೊತ್ತಾಗ್ತದೆ ಮಗ. ಮುಖ ಗೊತ್ತಾಗಲ್ಲ. ಎರಡು ವರ್ಸದಿಂದ ಹಿಂಗೇಯ.” ಸ್ವಲ್ಪ ದೂರ ನಡೆದ ಮೇಲೆ, “ಮನೇನಾಗೆ ಹೇಳ್ತೀಯಾ?” ಎಂದಳು.

ಹೇಳಿದರೆ ಏನಾಗುತ್ತದೆ ಎಂಬುದು ನನಗೆ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಕಣ್ಣು ಕಾಣದವಳ ಕೈಗೆ ಅಪ್ಪ ನನ್ನನ್ನು ಕೊಡುವುದಿಲ್ಲ, ತಟ್ಟು ನಿಲ್ಲುತ್ತದೆ, ಶಾಲೆ ನಿಲ್ಲುತ್ತದೆ. ಅಧಿಕಾರಿಗಳ ಮನೆಗೆ ಸುದ್ದಿ ಹೋದರೆ ಅವಳ ಅನ್ನವೂ ಹೋಗುತ್ತದೆ. “ಹೇಳಂಗಿಲ್ಲ” ಎಂದೆ.

“ನಾನು ನಂಬಲ್ಲ” ಎಂದಳು.

ನಿಜಕ್ಕೂ ನಂಬಲಿಲ್ಲ. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಹೊಸ ಅನುಮಾನ ಶುರುವಾಯಿತು. ಸಂಜೆ ನನ್ನನ್ನು ಇಳಿಸಿ ಹೋದ ಮೇಲೆ ಅವಳು ನಮ್ಮ ಗೋಡೆಯ ಮಗ್ಗುಲಲ್ಲಿ ಸ್ವಲ್ಪ ಹೊತ್ತು ನಿಂತಿರುವುದನ್ನು ಕಂಡಿದ್ದೇನೆ. ನಾನು ಬಾಯಿ ಬಿಡುತ್ತೇನೋ ಎಂದು ಕಿವಿಗೊಡುತ್ತಿದ್ದಳು. ನನಗಾದರೋ, ಗುಟ್ಟು ತಿಳಿದವಳನ್ನು ಯಾಕೆ ಇಟ್ಟುಕೊಳ್ಳಬೇಕೆಂದು ಬೇರೆ ಯಾವಳನ್ನಾದರೂ ಕೂರಿಸಿಕೊಂಡು ಹೋದಾಳು ಎಂಬ ಭಯ. ಪುಕ್ಕಟೆಯ ಲೆಕ್ಕ ನನಗೀಗ ತಿಳಿದಿತ್ತು. ಅವಳು ನನ್ನನ್ನು ಹೊರಿಸಿಕೊಂಡು ಹೋಗುತ್ತಿದ್ದುದು ನನ್ನ ಕಣ್ಣಿಗಾಗಿ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನಿಂದ ಒಬ್ಬರಿಗೆ ಅಷ್ಟು ಉಪಯೋಗವಿದೆಯೆಂದು ಖುಷಿಯೇ ಆಯಿತು. ಅವತ್ತಿನಿಂದ ಅವಳು ಕೇಳುವ ಮುಂಚೆಯೇ ಹೇಳತೊಡಗಿದೆ. ಅವರೆಯ ಹೊಲ ಹೂ ಬಿಟ್ಟದ್ದು, ಕೋಟೆಬೆಟ್ಟದ ಮೇಲೆ ಮೋಡ ಕೂತದ್ದು, ಕುರಿ ಕಾಯುವವನ ಹೊಸ ಕಂಬಳಿ, ಬೇಕಾದ್ದು ಬೇಡವಾದ್ದು ಎಲ್ಲ.

ಅಜ್ಜಿಯ ಮೂಗು ಮಾತ್ರ ಸುಮ್ಮನಿರುವಂಥದ್ದಲ್ಲ. ಉಗಾದಿಯ ಮಾರನೆಯ ಬೆಳಿಗ್ಗೆ ದೊಡ್ಡವ್ವ ಎಂದಿನಂತೆ ಹಗ್ಗ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಪುಸ್ತಕ ತರಲು ಒಳಗೆ ಹೋಗಿದ್ದೆ. ಹೊರಗೆ ಬಂದು ನೋಡುತ್ತೇನೆ, ಅಜ್ಜಿ ಒಂದು ಎಲೆಯಲ್ಲಿ ಹೋಳಿಗೆ ಇಟ್ಟುಕೊಂಡು ಅವಳ ಎದುರಿಗೆ ಕೈ ಚಾಚಿ ನಿಂತಿದ್ದಾಳೆ. ಬಾಯಲ್ಲಿ ಮಾತಿಲ್ಲ. ಬಳೆ ಕೂಡ ಸದ್ದು ಮಾಡದ ಹಾಗೆ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಿದ್ದಾಳೆ. ದೊಡ್ಡವ್ವ ತಟ್ಟಿನ ಕುತ್ತಿಗೆ ಸವರುತ್ತಾ ಹೋಳಿಗೆಯ ಆಚೆ ಎಲ್ಲೋ ನೋಡುತ್ತಿದ್ದಳು. ಹಿಂದಿನ ದಿನದ ಹೂರಣದ ವಾಸನೆ ಮನೆಯನ್ನೆಲ್ಲ ತುಂಬಿದ್ದರಿಂದ ಅವಳ ಮೂಗೂ ಕೈಕೊಟ್ಟಿತ್ತು.

“ದೊಡ್ಡವ್ವ, ಅಜ್ಜಿ ಹೋಳಿಗಿ ಕೊಡಾಕ ಹತ್ಯಾಳ, ತಗಾ” ಎಂದು ಕೂಗಿದೆ. ದೊಡ್ಡವ್ವ ಥಟ್ಟನೆ ಕೈ ಚಾಚಿದಳು. ಕೈ ಎಲೆಯ ಪಕ್ಕದಲ್ಲಿ ಗಾಳಿಗೆ ಹೋಯಿತು, ಆಮೇಲೆ ಎಲೆ ಸಿಕ್ಕಿತು. ಅಜ್ಜಿ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಅವತ್ತು ಶಾಲೆಯಲ್ಲಿ ಮೇಷ್ಟ್ರು ಏನು ಹೇಳಿದರೋ ಒಂದೂ ಕಿವಿಗೆ ಬೀಳಲಿಲ್ಲ. ಸಂಜೆ ಮನೆಗೆ ಬಂದಾಗ ಅಪ್ಪನ ಮುಖ ಹೇಗಿರುತ್ತದೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅಪ್ಪ ಎತ್ತಿಗೆ ಮೇವು ಹಾಕುತ್ತಿದ್ದ, ಊಟ ಮಾಡಿ ಮಲಗಿದ. ಅಜ್ಜಿ ಏನೂ ಹೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ದೊಡ್ಡವ್ವ ಬರುವ ಹೊತ್ತಿಗೆ ಅಜ್ಜಿ ಬಾಗಿಲಿಗೆ ಬಂದು ಊರಿಗೆಲ್ಲ ಕೇಳುವ ಹಾಗೆ ಒದರಿದಳು. “ಏನವಾ, ನಾನು ಹುಡುಗಿ ಅಜ್ಜಿ. ಕಟ್ಟಿ ಮ್ಯಾಲ ಕುಂತೀನಿ. ಬಾಗಿಲದಾಗ ಒರಳು ಇಟ್ಟೀವಿ, ಎಡವೀಯ!” ಅಲ್ಲಿಂದ ಮುಂದೆ ದಿನಾ ಹಾಗೇ. ಎಲ್ಲಿದ್ದರೂ ತಾನು ಎಲ್ಲಿದ್ದೇನೆಂದು ಕೂಗಿ ಹೇಳಿ, ಅದರ ಹಿಂದೆಯೇ ಎರಡು ಬೈಗುಳ ಸೇರಿಸುತ್ತಿದ್ದಳು. ಮುದುಕಿಗೆ ಈಚೆಗೆ ಬಾಯಿ ಜಾಸ್ತಿಯಾಗಿದೆ ಎಂದು ಅಪ್ಪ ಗೊಣಗಿದ.

ಅಜ್ಜಿ ಯಾಕೆ ಸುಮ್ಮನಾದಳು? ಕರುಣೆಯೆಂದು ಹೇಳಲು ನನಗೆ ಮನಸ್ಸೇನೋ ಇದೆ. ಆದರೆ ನನ್ನ ಅಜ್ಜಿಯನ್ನು ನಾನು ಬಲ್ಲೆ. ದೊಡ್ಡವ್ವನ ಗುಟ್ಟು ತಾನು ಬಿಚ್ಚಿದರೆ ನನ್ನ ಎರಡು ಸುಳಿಯ ಗುಟ್ಟನ್ನು ಅವಳು ಊರಿಗೆ ಸಾರುತ್ತಾಳೆ ಎಂಬ ಹೆದರಿಕೆ ಅವಳಿಗೆ. ನೀನು ಮುಚ್ಚು, ನಾನೂ ಮುಚ್ಚುತ್ತೇನೆ, ಇದು ಅವಳು ಮಾಡಿಕೊಂಡ ಒಪ್ಪಂದ. ಇನ್ನೊಬ್ಬಳಿಗೆ ಹೇಳದೆಯೇ ಮಾಡಿಕೊಂಡದ್ದು.

ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಹಳ್ಳದಲ್ಲಿ ತಟ್ಟಿಗೆ ನೀರು ಕುಡಿಸುವಾಗ ದೊಡ್ಡವ್ವನನ್ನು ಕೇಳಿಯೇಬಿಟ್ಟೆ. ಅವತ್ತು ನನ್ನ ತಲೆ ಮುಟ್ಟಿದಾಗ ಸುಳಿ ಎಷ್ಟು ಸಿಕ್ಕವು ಎಂದು. ಅವಳಿಗೆ ಅರ್ಥವಾಗಲಿಲ್ಲ. “ಯಾವ ಸುಳಿ? ನಿನ್ ತಲೆ ನನ್ ಎಲ್ಲಿಗಂಟ ಬತ್ತದೆ, ಕಾಲು ಎಷ್ಟುದ್ದ ಅಂತ ನೋಡ್ದೆ ಅಷ್ಟೇಯ. ಹೊರೋಕಾಗ್ತದೋ ಇಲ್ವೋ ಗೊತ್ತಾಗಬೇಕಲ್ಲ” ಎಂದಳು. ಸುಳಿ ನೋಡುವುದು ಅವಳಿಗೆ ಬರುತ್ತಲೇ ಇರಲಿಲ್ಲವಂತೆ, ಗಂಡನಿಗೆ ಬರುತ್ತಿತ್ತಂತೆ. ನಾನು ಹಳ್ಳದಲ್ಲೇ ಕೂತು ನಕ್ಕೆ. ನನ್ನ ಆರು, ಏಳು, ಎಂಟನೇ ಕ್ಲಾಸು ಅಜ್ಜಿಯ ಈ ತಪ್ಪು ತಿಳಿವಳಿಕೆಯ ಮೇಲೆ ನಿಂತಿದ್ದವು. ಅಜ್ಜಿಗೆ ನಾನು ಅದನ್ನು ಹೇಳಲಿಲ್ಲ. ನನಗೇನು ಹುಚ್ಚೇ?

ಎಂಟನೇ ಕ್ಲಾಸು ಪಾಸಾದೆ. ಬಳ್ಳಾರಿಯಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಹೋಗುವ ದಿನ ಅಪ್ಪ ಪೆಟ್ಟಿಗೆ ಹೊತ್ತುಕೊಂಡು ಮುಂದೆ ನಡೆದ. ನಾನು ತಟ್ಟಿನ ಮೇಲೆ, ದೊಡ್ಡವ್ವ ಹಗ್ಗ ಹಿಡಿದು. ಅವಳನ್ನು ಬರಬೇಡ ಅಂದರೂ ಕೇಳಲಿಲ್ಲ. ಅಪ್ಪ ಇದ್ದದ್ದರಿಂದ ದಾರಿಯನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಕಲ್ಲು ಬಂದಾಗ ಕೆಮ್ಮುತ್ತಿದ್ದೆ, ಗಾಡಿ ಬಂದಾಗ ಏನೋ ಪದ್ಯ ಗುನುಗುತ್ತಿದ್ದೆ. ರಾಯದುರ್ಗದ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕಿಟಕಿಗೆ ಬಂದೆ. ಅವಳು ಪ್ಲಾಟ್‌ಫಾರ್ಮಿನಲ್ಲಿ ನಿಂತು ನನ್ನ ಪಕ್ಕದ ಡಬ್ಬಿಯ ಕಡೆ ಮುಖ ಮಾಡಿದ್ದಳು. “ದೊಡ್ಡವ್ವ, ಇಲ್ಲಿ, ಇತ್ಲಾಗ” ಎಂದು ಕೂಗಿದೆ. ತಿರುಗಿದಳು. ಅಷ್ಟರಲ್ಲಿ ರೈಲು ಹೊರಟಿತು. ಅಪ್ಪನೂ ನನ್ನ ಜೊತೆ ಬಳ್ಳಾರಿಗೆ ಬರುತ್ತಿದ್ದ. ಇವಳಿಗೆ ವಾಪಸು ದಾರಿ ಹೇಳುವವರು ಯಾರು ಎಂಬುದು ನನಗೆ ಹೊಳೆದದ್ದು ಆಗ. ಅಪ್ಪನ ಪಕ್ಕದಲ್ಲಿ ಕೂತು ಬಳ್ಳಾರಿಯ ತನಕ ಅತ್ತೆ. ಊರು ಬಿಡುವ ಸಂಕಟ ಎಂದು ಅಪ್ಪ ಬೆನ್ನು ಸವರಿದ.

ರಜೆಗೆ ಬಂದಾಗ ಊರ ಕೊನೆಯ ಮನೆಗೆ ಬೀಗ. ತಟ್ಟುಗಳು ಇರಲಿಲ್ಲ. ನಾನು ಹೋದ ಸ್ವಲ್ಪ ದಿನಕ್ಕೇ ಬಂಗಲೆಯ ಬಯಲಿನಲ್ಲಿ ಒಬ್ಬ ಅಧಿಕಾರಿಯ ಹೆಂಡತಿಗೆ ವಿಷಯ ಗೊತ್ತಾಯಿತಂತೆ. ಅವಳ ಮಗು ಇಳಿದು ಹೋಗಿ ನೆರಳಲ್ಲಿ ಕೂತಿದ್ದರೂ ದೊಡ್ಡವ್ವ ಖಾಲಿ ತಟ್ಟಿಗೆ ಬೆನ್ನು ನೆಟ್ಟಗೆ ಮಾಡು ಎಂದು ಹೇಳುತ್ತಲೇ ಇದ್ದಳಂತೆ. ಕುರುಡಿ ನಮ್ಮ ಮಕ್ಕಳನ್ನು ಇಷ್ಟು ದಿನ ಅಪಾಯಕ್ಕೆ ಒಡ್ಡಿದಳು ಎಂದು ಆ ಜನ ಕೂಗಾಡಿದರು. ಅವರ ಮಾತಿನಲ್ಲಿ ತಪ್ಪಿದೆಯೆಂದು ನಾನು ಹೇಳಲಾರೆ, ನನಗೂ ಮಕ್ಕಳಾದವು. ಊರಿನವರೂ ಸೇರಿಕೊಂಡರು. ಮೋಸಗಾತಿ, ಆ ಕಡೆಯವರೇ ಹೀಗೆ, ನಾವು ಮೊದಲೇ ಅಂದಿದ್ದೆವಲ್ಲ. ಗುಡಿಬಂಡೆಯ ಕಡೆಯಿಂದ ಅವಳ ತವರಿನವರು ಗಾಡಿ ಕಟ್ಟಿಕೊಂಡು ಬಂದು ಕರೆದುಕೊಂಡು ಹೋದರು. ತಟ್ಟುಗಳನ್ನು ಯಾರಿಗೆ ಮಾರಿದರೋ ಗೊತ್ತಿಲ್ಲ. ಗಾಡಿ ಹೊರಡುವಾಗ ಮಾತಾಡಿಸಲು ಹೋದವಳು ಅಜ್ಜಿ ಒಬ್ಬಳೇ ಅಂತೆ. ಏನು ಮಾತಾಡಿದೆ ಎಂದು ಕೇಳಿದರೆ, “ಏನೈತಿ ಮಾತಾಡಾದು” ಎಂದು ಸೆರಗು ಕೊಡವಿ ಒಳಗೆ ಹೋದಳು.

ಮದರಾಸಿನ ಸರ್ಕಾರ ಹೋಯಿತು, ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ನನಗೆ ಕೆಲಸ ಸಿಕ್ಕಿ, ಮದುವೆ ಒಂದೇ ಆಗಿ, ಎಷ್ಟೋ ವರ್ಷದ ಮೇಲೆ ಮಡಕಶಿರಕ್ಕೆ ವರ್ಗವಾಯಿತು. ಒಂದು ಭಾನುವಾರ ಗುಡಿಬಂಡೆಗೆ ಹೋಗಿ ಅಲ್ಲಿಂದ ಹಳ್ಳಿಗಳಲ್ಲಿ ವಿಚಾರಿಸುತ್ತಾ ನಡೆದೆ. ರಾಯದುರ್ಗದ ಕಡೆ ತಟ್ಟು ಸಾಕಿಕೊಂಡಿದ್ದವಳು, ಕಣ್ಣು ಮಂದ... ಒಬ್ಬ ಮುದುಕ ಒಂದು ಮನೆ ತೋರಿಸಿದ. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಹೆಂಗಸು ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು.

“ಯಾರು ನೀವು? ಯಾಕೆ ಕೇಳ್ತಾ ಇದ್ದೀರ?”

ರಾಯದುರ್ಗದ ಕಡೆಯವಳು ಅಂದೆ. ಅವಳ ಮುಖ ಬಿಗಿಯಿತು. “ಅಂತೋರು ಯಾರೂ ಇಲ್ಲಿಲ್ಲ” ಎಂದಳು.

ಅವಳ ಹಿಂದೆ ನಡುಮನೆಯ ಕತ್ತಲಲ್ಲಿ ಒಂದು ಮಂಚ ಇತ್ತು. ಅದರ ಮೇಲೆ ಕಂಬಳಿ ಹೊದ್ದು ಯಾರೋ ಮಲಗಿದ್ದರು. ನಾನು ಆ ಹೆಂಗಸಿನ ಭುಜದ ಮೇಲಿಂದ ಗಟ್ಟಿಯಾಗಿ ಕೂಗಿದೆ. “ದೊಡ್ಡವ್ವ, ನಾನು. ಬಾಗಿಲದಾಗ ನಿಂತೀನಿ. ಈಗ ಸಾಲ್ಯಾಗ ಟೀಚರ್ ಆಗೀನಿ.”

ಮಂಚ ಒಮ್ಮೆ ಕಿರುಗುಟ್ಟಿತು. ಮಾತು ಬರಲಿಲ್ಲ.

“ಅವ್ರು ನಮ್ಮತ್ತೆ, ಕಿವಿ ಕೇಳ್ಸಲ್ಲ” ಎಂದು ಆ ಹೆಂಗಸು ಬಾಗಿಲು ಎಳೆದುಕೊಂಡಳು. ನಿಜವಿರಬಹುದು. ರಾಯದುರ್ಗದಿಂದ ಮತ್ತೆ ಯಾರೋ ಜಗಳಕ್ಕೆ ಬಂದಿದ್ದಾರೆಂದು ಹೆದರಿ ಹೇಳಿದ ಸುಳ್ಳೂ ಇರಬಹುದು. ಬಸ್ಸಿನ ಹೊತ್ತಾಗುವ ತನಕ ಆ ಗೋಡೆಯ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಎರಡು ಸಲ ಹೋದೆ, ಎರಡು ಸಲವೂ ಬೀಗ.

ಈಗ ನನಗೇ ಇಷ್ಟು ವಯಸ್ಸಾಗಿರುವಾಗ ಅವಳು ಇರುವ ಮಾತೇ ಇಲ್ಲ. ಎಲ್ಲಿ, ಯಾವಾಗ ಹೋದಳೋ, ಹತ್ತಿರ ಯಾರಿದ್ದರೋ, ಹೇಳುವವರು ಒಬ್ಬರೂ ಉಳಿದಿಲ್ಲ. ಆ ಮಂಚದ ಮೇಲಿದ್ದವಳು ಅವಳೇ ಎಂದು ಒಂದೊಂದು ದಿನ ಅನಿಸುತ್ತದೆ, ಅಲ್ಲ ಎಂದು ಇನ್ನೊಂದು ದಿನ. ಅವಳೇ ಆಗಿದ್ದರೆ ನನ್ನ ಕೂಗು ಕೇಳಿಸಿಯೇ ಇರುತ್ತದೆ, ಅವಳ ಕಿವಿ ನನಗೆ ಗೊತ್ತು. ಆದರೆ ಕೂಗಿದವಳು ನಾನೇ ಎಂದು ಅವಳು ನಂಬಿರಲಿಕ್ಕಿಲ್ಲ.